ಸ್ಪಷ್ಟನೆ: ನೀವು ಎಲ್ಲಿ ಮನೆ ಮಾಡುತ್ತೀರಿ ಅಂತ ಕಂಪ್ಯೂಟರ್ ಹೇಳಿಲ್ಲ

"ಹಾಸನದ ಜನ ಮುಂದೆ ಯಾವ ಬಡಾವಣೆಗೆ ಹೋಗುತ್ತಾರೆ ಅಂತ ಕಂಪ್ಯೂಟರ್ ಮಾಡೆಲ್ ಪಕ್ಕಾ ಹೇಳಿದೆ, ಈಗಲೇ ಸೈಟ್ ಹಿಡಿಯಿರಿ" ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಸುತ್ತುತ್ತಿದೆ. ಯಾವ ಮಾಡೆಲ್ ಅಂತ ಮಾತ್ರ ಹೇಳಿಲ್ಲ! ಇಂಥ ಮಾಡೆಲ್‌ಗಳು ಇರುವುದು ನಿಜ. ಆದರೆ ಅವು ಪಕ್ಕಾ ಅಂತ ಏನನ್ನೂ ಹೇಳುವುದಿಲ್ಲ.

ಅಮೆರಿಕದ ಅರ್ಥಶಾಸ್ತ್ರಜ್ಞ ಡೇನಿಯಲ್ ಮ್ಯಾಕ್‌ಫ್ಯಾಡೆನ್ 1978ರಲ್ಲಿ, ಜನ ಎಲ್ಲಿ ಮನೆ ಮಾಡಬಹುದು ಎಂಬ ಲೆಕ್ಕಕ್ಕೆ ದಾರಿ ಹಾಕಿಕೊಟ್ಟರು. 2000ದಲ್ಲಿ ಅವರಿಗೆ ನೊಬೆಲ್ ಬಂತು. ಬಾಡಿಗೆ, ಕೆಲಸಕ್ಕೆ ಹೋಗುವ ದೂರ, ಮನೆಯ ಅಳತೆ, ಕುಟುಂಬದ ಆದಾಯ ಇವನ್ನೆಲ್ಲ ತೂಗಿದರೆ ಒಂದೊಂದು ಜಾಗಕ್ಕೂ ಇಷ್ಟಿಷ್ಟು ಸಾಧ್ಯತೆ ಅಂತ ಬರುತ್ತದೆ. ಒಂದೇ ಸಂಬಳ, ಅಷ್ಟೇ ಮಕ್ಕಳಿರುವ ಎರಡು ಕುಟುಂಬಗಳಲ್ಲಿ ಒಂದು ಸಾಲಗಾಮೆ ರಸ್ತೆ ಕಡೆ, ಇನ್ನೊಂದು ವಿದ್ಯಾನಗರಕ್ಕೆ ಹೋಗಬಹುದು. ಅಮ್ಮನ ಮನೆ ಹತ್ತಿರ ಇರಬೇಕು, ಬಾಗಿಲು ಪೂರ್ವಕ್ಕೇ ಬೇಕು ಎಂಬುದೆಲ್ಲ ಅಂಕಿಅಂಶದಲ್ಲಿ ಸಿಗುವುದಿಲ್ಲ ಅಲ್ವಾ? ಉತ್ತರ ಸಾಧ್ಯತೆಯಾಗಿ ಬರುವುದೇ ಅದಕ್ಕೆ.

"ಊರಿನ ಪ್ರತಿ ಮನೆಯನ್ನೂ ಜಾಲಾಡಿದ್ದಾರೆ" ಎಂದೂ ಮೆಸೇಜ್‌ನಲ್ಲಿದೆ. ಅದರ ಅಗತ್ಯವೇ ಇಲ್ಲ. ಹೀಗೆ ಸಾಧ್ಯತೆ ಲೆಕ್ಕ ಹಾಕುವ ಲಾಜಿಟ್ ಎಂಬ ಮಾಡೆಲ್‌ನಲ್ಲಿ, ಕುಟುಂಬ ಆರಿಸಿಕೊಂಡ ಮನೆಯ ಜೊತೆ ಸುಮ್ನೆ ಚೀಟಿ ಎತ್ತಿದ ಹಾಗೆ ಬೇರೆ ಕೆಲವು ಮನೆ ಸೇರಿಸಿಕೊಂಡರೂ ಲೆಕ್ಕ ಸರಿಯಾಗಿ ಬರುತ್ತದೆ ಎಂದು ಮ್ಯಾಕ್‌ಫ್ಯಾಡೆನ್ ಆಗಲೇ ತೋರಿಸಿದ್ದರು.

ಹೊಸ ಬಸ್ ಓಡಿದರೆ ಯಾವ ಕಡೆ ಬೇಡಿಕೆ ಜಾಸ್ತಿಯಾಗಬಹುದು, ನೀರು, ಶಾಲೆ ಎಲ್ಲಿ ಬೇಕಾಗಬಹುದು ಎಂದು ಯೋಚಿಸುವವರಿಗೆ ಇದು ಉಪಯೋಗ. ಸೈಟ್ ಕೊಳ್ಳುವವರು ಖಾತೆ, ಇಸಿ (ಋಣಭಾರ ಪತ್ರ), ಬಡಾವಣೆಗೆ ಹುಡಾ (ಹಾಸನ ನಗರಾಭಿವೃದ್ಧಿ ಪ್ರಾಧಿಕಾರ) ಅನುಮೋದನೆ ಇದೆಯೇ ಎಂಬುದನ್ನು ನೋಡಿ.