ಹುಳ ತಿನ್ಲಿಕ್ಕೆ ಇನ್ನೊಂದು ಹುಳ ತರಿಸ್ತಾರಂತೆ!

ಇವತ್ತು ಬೆಳಿಗ್ಗೆ ಕಾಫಿ ಕುಡೀಲಿಕ್ಕೆ ಕೂತದ್ದಷ್ಟೆ, ಫ್ಯಾಮಿಲಿ ಗ್ರೂಪಿನಲ್ಲಿ ಭಾವನ ವಿಡಿಯೊ. ಗುಲಾಬಿ ಬಣ್ಣದ ಚಿಪ್ಪಿನ ಒಂದು ಬಸವನಹುಳ ಇನ್ನೊಂದು ಬಸವನಹುಳವನ್ನು ಹಿಡ್ಕೊಂಡು ತಿಂತಾ ಉಂಟು. ಕೆಳಗೆ ಭಾವನ ಷರಾ: "ಇದನ್ನು ತರಿಸಿ ತೋಟಕ್ಕೆ ಬಿಟ್ರೆ ಆಫ್ರಿಕನ್ ಹುಳದ ಕತೆ ಮುಗೀತು." ಹದಿನಾಲ್ಕು ಲೈಕು. ಕಾಫಿ ತಣ್ಣಗಾಯ್ತು ಮಾರಾಯ್ರೆ.

ನಮ್ಮಲ್ಲಿ ಮಳೆಗಾಲ ಬಂದ್ರೆ ಈ ಆಫ್ರಿಕನ್ ಹುಳ, ಅಂದ್ರೆ ಆಫ್ರಿಕಾದ ದೈತ್ಯ ಬಸವನಹುಳ, ಹೇಗೆ ಏರಿಬರ್ತದೆ ಅಂತ ಕಾಸರಗೋಡಿನ ಅಡಿಕೆ ತೋಟದವರಿಗೆ ಹೇಳಬೇಕಾ? ಬಾಳೆ, ಬಸಳೆ, ಎಳೆ ಅಡಿಕೆ ಸಸಿ, ಕೊನೆಗೆ ಬಾವಿಕಟ್ಟೆ ಗೋಡೆಯ ಸುಣ್ಣ ಕೂಡ ಬಿಡುದಿಲ್ಲ. ಅದೂ ತಾನಾಗಿ ಬಂದದ್ದಲ್ಲ, 1847ರಲ್ಲಿ ಬೆನ್ಸನ್ ಎಂಬ ಚಿಪ್ಪುಹುಳದ ಪಂಡಿತನೇ ಮಾರಿಷಸ್‌ನಿಂದ ತಂದು ಕಲ್ಕತ್ತದ ಒಂದು ತೋಟದಲ್ಲಿ ಬಿಟ್ಟದ್ದು. ಪಂಡಿತರ ಉಪಕಾರ ಒಂದು ಸಾಲದಾ, ಈಗ ನಮ್ಮ ಭಾವನದ್ದೂ ಬೇಕಾ?

ವಿಡಿಯೊದಲ್ಲಿದ್ದ ಗುಲಾಬಿ ಚಿಪ್ಪಿನ ಹುಳದ ಹೆಸರು ಯುಗ್ಲಾಂಡಿನಾ ರೋಸಿಯಾ, ಅಮೆರಿಕದ ಫ್ಲೋರಿಡಾ ಕಡೆಯದ್ದು. ಬೇರೆ ಹುಳ ಬಿಟ್ಟುಹೋದ ಲೋಳೆಯ ಜಾಡಿಗೆ ಬಾಯಿಯ ಪಕ್ಕದ ಉದ್ದ ಮೀಸೆಯಂಥಾದ್ದನ್ನು ತಾಗಿಸಿ ತಾಗಿಸಿ ಬೆನ್ನು ಹಿಡಿತದೆ, ಸಣ್ಣದ್ದು ಸಿಕ್ಕಿದ್ರೆ ಚಿಪ್ಪು ಸಮೇತ ನುಂಗ್ತದೆ. ಸಣ್ಣದ್ದು! ಅಲ್ಲೇ ಇರುದು ಎಡವಟ್ಟು. ಅಂಗೈಯಗಲದ ಆಫ್ರಿಕನ್ ಹುಳ ಅದಕ್ಕೆ ಅಷ್ಟಕ್ಕಷ್ಟೆ. 1955ರಲ್ಲಿ ಹವಾಯಿಯವರು ಇದೇ ಬುದ್ಧಿವಂತಿಕೆ ಮಾಡಿ ಮರದ ಮೇಲೆ ಬದುಕುವ ಅಲ್ಲಿನ ಎಷ್ಟೋ ಚಂದದ ಬಸವನಹುಳಗಳನ್ನು ಕಳ್ಕೊಂಡ್ರು. ಪೆಸಿಫಿಕ್ ಸಾಗರದ ತಾಹಿತಿಯ ಪಕ್ಕದ ಮೊರೆಯಾ ದ್ವೀಪದಲ್ಲಿ 1977ರಲ್ಲಿ ಬಿಟ್ರು, ಹತ್ತೇ ವರ್ಷದಲ್ಲಿ ಅಲ್ಲಿನ ಪಾರ್ಟುಲಾ ಎಂಬ ಬಸವನಹುಳಗಳು ಕಾಡಿನಲ್ಲಿ ಹೆಚ್ಚುಕಡಿಮೆ ನಿರ್ನಾಮ, ಆ ಚಿಪ್ಪಿನಲ್ಲಿ ಜನ ಮಾಲೆ ಪೋಣಿಸ್ತಿದ್ರು. ವಂಶ ಉಳಿದದ್ದು ದೂರದೇಶದ ಮೃಗಾಲಯದ ಡಬ್ಬಿಗಳಲ್ಲಿ. ಆಫ್ರಿಕನ್ ಹುಳ ಎರಡೂ ಕಡೆ ಇನ್ನೂ ಉಂಟು.

"ಹಾಗಾದ್ರೆ ನಾವು ಬೆಳೆ ಕಳ್ಕೊಂಡು ಕೂರುದಾ?" ಅಂತ ಕೇಳ್ತೀರಿ. ಸರಿ, ಕೂರಬೇಡಿ. ಒದ್ದೆ ಗೋಣಿ, ಬಪ್ಪಂಗಾಯಿ (ಪಪ್ಪಾಯಿ) ಎಲೆ ಹಾಸಿ, ಅಲ್ಲಿ ಸೇರಿದ ಹುಳಗಳನ್ನು ರಾತ್ರಿ ಟಾರ್ಚು ಬಕೆಟು ಹಿಡ್ಕೊಂಡು ಹೆಕ್ಕಿ. ಸೊಂಟ ನೋಯ್ತದೆ, ಗೊತ್ತುಂಟು, ನನ್ನದೂ ನೋಯ್ತದೆ. ಮೊನ್ನೆ ಮೊನ್ನೆವರೆಗೆ ನಾನೂ ಸೋಮಾರಿಯೇ, ಒಂದು ರಾತ್ರಿ ಸಿಟ್ಟಿನಲ್ಲಿ ಎರಡು ಕಿಲೋ ಉಪ್ಪು ಸುರಿದು ಹುಳದ ಜೊತೆ ಅಪ್ಪ ನೆಟ್ಟ ಕಾಳುಮೆಣಸಿನ ಬಳ್ಳಿಯನ್ನೂ ಕೊಂದೆ. ಮನೆಯಲ್ಲಿ ಇವತ್ತಿಗೂ "ರೋಗ ಬಂತು" ಅಂತಲೇ ಹೇಳಿದ್ದು.

ನನಗೆ ಉರಿಯುದು ಇನ್ನೊಂದಕ್ಕೆ. ಬೇಟೆಯಾಡುವ ಬಸವನಹುಳ ನಮ್ಮಲ್ಲೇ ಇಲ್ವಾ? ಮೊನ್ನೆ ಬಿದ್ದ ಅಡಿಕೆ ಹಾಳೆ ಎತ್ತಿದ್ರೆ ಅಡಿಯಲ್ಲಿ ಅಕ್ಕಿಕಾಳಿನಷ್ಟು ಗಾಜಿನಂಥ ಚಿಪ್ಪು, ಒಳಗೆ ಕೇಸರಿ ಮೈ, ಸೂಜಿಯಂಥ ಚಿಪ್ಪಿನ ಇನ್ನೊಂದು ಹುಳವನ್ನು ತಿನ್ಲಿಕ್ಕೆ ತಲೆ ಪೂರಾ ಅದರ ಚಿಪ್ಪಿನೊಳಗೆ ತೂರಿಸಿತ್ತು. ಹೆಸರು ಹಟ್ಟನೆಲ್ಲಾ ಬೈಕಲರ್, 1834ರಲ್ಲೇ ಭಾರತದಿಂದ ದಾಖಲಾದದ್ದು. ಮೊಣಕಾಲೂರಿ ಅರ್ಧ ಗಂಟೆ ನೋಡಿದೆ, ಹೆಂಡತಿ ಬಂದು ಎಂತ ಕಳ್ಕೊಂಡ್ರಿ ಅಂತ ಕೇಳಿದ್ಳು. ಫ್ಲೋರಿಡಾದ ಮಹಾರಾಯ ಬಂದ್ರೆ ಮೊದಲ ತುತ್ತು ಇಂಥವೇ.

ಇಷ್ಟನ್ನೂ ಗ್ರೂಪಿನಲ್ಲಿ ಬರೆದೆ. ಭಾವ ಹತ್ತು ನಿಮಿಷ ಬಿಟ್ಟು ಉತ್ತರ ಹಾಕಿದ್ದಾರೆ: "ಹಾಗಾದ್ರೆ ಆ ಸಣ್ಣದ್ದನ್ನೇ ಒಂದು ನಾಲ್ಕು ಡಬ್ಬಿಯಲ್ಲಿ ಹಾಕಿ ಬಸ್ಸಿನಲ್ಲಿ ಕಳಿಸು."