ಬಿಸಿಲಿಗೆ ಒಣಗಿಸಿದರೆ ಸ್ಲರಿಯ ಸಾರಜನಕ ಗಾಳಿಪಾಲು

ಗೋಬರ್ ಗ್ಯಾಸ್ ಸ್ಲರಿಯನ್ನು, ಅಂದರೆ ಗ್ಯಾಸ್ ಬಿಟ್ಟ ಮೇಲೆ ಪ್ಲಾಂಟಿನಿಂದ ಹೊರಬರುವ ಸಗಣಿ ರಾಡಿಯನ್ನು, ತೆರೆದ ಗುಂಡಿಯಲ್ಲಿ ಒಣಗಿಸಿ ಇಟ್ಟುಕೊಳ್ಳಿ ಎಂದು ಈ ಬಗ್ಗೆ ಬಂದ ಲೇಖನವೊಂದರಲ್ಲಿ ಲೇಖಕರು ಬರೆದಿದ್ದಾರೆ. ಹೊರಲು ಸುಲಭ, ಒಪ್ಪಿದೆ. ಆದರೆ ಸ್ಲರಿಯ ಸಾರಜನಕದಲ್ಲಿ ದೊಡ್ಡ ಪಾಲು ಅಮೋನಿಯಾ ರೂಪದಲ್ಲಿರುತ್ತದೆ. ಬಿಸಿಲಿಗೆ ಬಿಟ್ಟರೆ ಹಾರಿಹೋಗುತ್ತದೆ. ಮೂಗಿಗೆ ಘಾಟು ಬಡಿಯಿತು ಅಂದರೆ ಗೊಬ್ಬರ ಹೋಯಿತು ಅಂತಲೇ ಲೆಕ್ಕ.

ನಮ್ಮದು ಮಲೆನಾಡಿನ ಅಡಿಕೆ ತೋಟ, 2 ಘನ ಮೀಟರಿನ ಸಣ್ಣ ಪ್ಲಾಂಟ್. ದಿನಕ್ಕೆ 50 ಕೆ.ಜಿ. ಸಗಣಿ, ಅಷ್ಟೇ ನೀರು. ಅಂದರೆ ಹೆಚ್ಚುಕಡಿಮೆ 100 ಲೀಟರ್ ಸ್ಲರಿ ಹೊರಗೆ. ಮಳೆಗಾಲದ 4 ತಿಂಗಳಿಗೆ 12,000 ಲೀಟರ್! ಮೊದಲು ಗುಂಡಿಗೆ ಮಾಡು ಇರಲಿಲ್ಲ. ಆಷಾಢದ ಮಳೆಗೆ ತುಂಬಿ ತುಳುಕಿ ಕಪ್ಪು ನೀರೆಲ್ಲ ಹಳ್ಳಕ್ಕೆ. ಕೆಳಗಿನ ಮನೆಯವರು ಬೈದದ್ದೂ ಆಯ್ತು, ತಪ್ಪು ನಮ್ಮದೇ ಅಲ್ವಾ. ಈಗ ಮೇಲೆ ತಗಡು ಹೊದಿಸಿ, ಗುಂಡಿಗೆ ತರಗೆಲೆ ತುಂಬಿ ಅದರ ಮೇಲೆ ಸ್ಲರಿ ಬಿಡುತ್ತೇವೆ. ಎಲೆ ರಸ ಹೀರಿಕೊಳ್ಳುತ್ತದೆ. ಬೇಸಿಗೆಯಲ್ಲಿ ಮಾತ್ರ ನೀರು ಬೆರೆಸಿ, ಸಂಜೆ ಹೊತ್ತು ಮರದ ಬುಡಕ್ಕೆ ಹಾಕಿ ಸೊಪ್ಪು ಮುಚ್ಚುತ್ತೇವೆ.

ಇನ್ನೊಂದು ಮಾತು ಲೇಖನದಲ್ಲಿ ಬಿಟ್ಟುಹೋಗಿದೆ. ಮುಚ್ಚಿದ ಗುಂಡಿಗೆ ಇಳಿದು ಕೆಸರು ತೆಗೆಯಬೇಡಿ. ಅಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಗಾಳಿಗಿಂತ ಭಾರ, ತಳದಲ್ಲೇ ನಿಂತಿರುತ್ತದೆ, ಕಲಕಿದಾಗ ಒಮ್ಮೆಲೇ ಏಳುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬರಲಿಲ್ಲ ಅಂತ ಧೈರ್ಯ ಮಾಡಬೇಡಿ. ಜಾಸ್ತಿಯಾದಾಗ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ಬಿದ್ದವರನ್ನು ಎತ್ತಲು ಇಳಿದವರೂ ಅಲ್ಲೇ ಬೀಳುತ್ತಾರೆ. ಉದ್ದ ಕೋಲು, ಪಂಪು, ಏನಿದ್ದರೂ ಮೇಲೆ ನಿಂತೇ ಮಾಡಿ.