ಹೋಮ್‌ಸ್ಟೇಯಲ್ಲಿ ಸಾಣೆ ಹಿಡಿಸಿದ ಮ್ಯಾನೇಜರು

ಶನಿವಾರ ಬೆಳಿಗ್ಗೆ ಕುಶಾಲನಗರದ ಸೇತುವೆ ದಾಟಿ ಬರುವ ಟೆಂಪೊ ಟ್ರಾವೆಲರ್‌ಗಳಲ್ಲಿ ಇರುವವರೆಲ್ಲ ಮೋಜಿಗೆ ಬಂದವರೆಂದು ತಿಳಿಯಬೇಡಿ. ಕೆಲವರು ಕಲಿಯಲು ಬರುತ್ತಾರೆ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ಇಂಜಿನಿಯರಿಂಗ್ ಮ್ಯಾನೇಜರುಗಳ ತಾಂತ್ರಿಕ ಜ್ಞಾನಕ್ಕೆ ತುಕ್ಕು ಹಿಡಿದರೆ ಅದನ್ನು ಉಜ್ಜಲು ಮಡಿಕೇರಿಯ ಮಂಜೇ ಆಗಬೇಕು.

ಬೆಳಿಗ್ಗೆ ಎಐ, ಮಧ್ಯಾಹ್ನ ಕಡಂಬುಟ್ಟು ಪಂದಿ ಕರಿ, ಆಮೇಲೆ ಕುಬರ್ನೆಟಿಸ್. ಅನೇಕ ಸರ್ವರುಗಳಲ್ಲಿ ಪ್ರೋಗ್ರಾಮುಗಳನ್ನು ಓಡಿಸಿ ನೋಡಿಕೊಳ್ಳುವ ಈ ತಂತ್ರಾಂಶವನ್ನು ಗೂಗಲ್ ಹೊರಬಿಟ್ಟದ್ದು 2014ರಲ್ಲಿ. ಈ ಗುಂಪಿಗೆ ಮಾತ್ರ ಪ್ರತಿ ವರ್ಷವೂ ಹೊಸ ವಿಷಯ. ಜುಲೈ ಮಳೆಗೆ ಕರೆಂಟ್ ಹೋಯಿತೆನ್ನಿ, 'ಎಂದೂ ನಿಲ್ಲದ ಸಿಸ್ಟಮ್ ಕಟ್ಟುವುದು ಹೇಗೆ' ಎಂಬ ಪಾಠ ಜನರೇಟರಿಗೆ ಡೀಸೆಲ್ ಬರುವ ತನಕ ನಿಲ್ಲುತ್ತದೆ. ಭಾನುವಾರ ರಾಜಾಸೀಟಿನಲ್ಲಿ ಸರ್ಟಿಫಿಕೇಟ್ ಹಿಡಿದು ಫೋಟೊ, ಸಂಜೆಯೊಳಗೆ ಲಿಂಕ್ಡ್‌ಇನ್‌ಗೆ.

ಸೋಮವಾರ ಮೀಟಿಂಗಿನಲ್ಲಿ ಸಾಹೇಬರು ಕೇಳುತ್ತಾರೆ: "ಇದು ಸ್ಕೇಲ್ ಆಗುತ್ತಾ?" ಅಂದರೆ, ಬಳಸುವವರು ಹೆಚ್ಚಿದರೂ ತಡೆದೀತೇ? ಏನೂ ಗೊತ್ತಿಲ್ಲದೆ ಕೇಳಬಹುದಾದ, ಯಾರೂ ಇಲ್ಲವೆನ್ನಲಾಗದ ಪ್ರಶ್ನೆ. ಇನ್ನು ಕೆಲವರಿಗೆ ಉತ್ಸಾಹ ಜಾಸ್ತಿ; ರಿಲೀಸಿಗೆ ಬೇಕೇ ಬೇಕಾದ ಫೀಚರನ್ನೇ ತಾವು ಬರೆಯುತ್ತೇನೆಂದು ಎತ್ತಿಕೊಂಡು ಮೀಟಿಂಗುಗಳಲ್ಲಿ ಮಾಯವಾಗುತ್ತಾರೆ. ತಂಡ ಕಾಯುತ್ತದೆ. (ಇವರಿಗಿಂತ ಮೊದಲಿನವರೇ ವಾಸಿ.)

ತುಕ್ಕು ನಿಜವಾಗಿ ಬಿಡಿಸುವ ಕೆಲಸಗಳೇ ಬೇರೆ: ಯಾರೂ ಕಾಯದ ಸಣ್ಣ ಬಗ್ ಒಂದನ್ನು ತಾವೇ ಸರಿಪಡಿಸುವುದು, ಜೂನಿಯರ್ ಪಕ್ಕ ಕೂತು ಅವಳ ಕೋಡನ್ನು ನಿಜವಾಗಿ ಓದುವುದು, ರಾತ್ರಿ ಸರ್ವರ್ ಬಿದ್ದಾಗ ಕಾರಣ ಹುಡುಕುವವರ ಜೊತೆ ಎದ್ದಿರುವುದು... ಇವಕ್ಕೆ ಬಿಲ್ಲಿಲ್ಲ, ಬ್ಯಾನರಿಲ್ಲ. ಹಾಗಾಗಿ ಬಜೆಟ್ಟೂ ಇಲ್ಲ.

ಸೆಪ್ಟೆಂಬರಿನಲ್ಲಿ ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ಹೊತ್ತಿಗೆ ಬಂದ ತಂಡದ ಹಿರಿಯರೊಬ್ಬರು ಕೋವಿಗಳ ಸಾಲಿನಲ್ಲಿ ತಮ್ಮ ಲ್ಯಾಪ್‌ಟಾಪನ್ನೂ ಪೂಜೆಗಿಡಿ ಎಂದರಂತೆ. ಮನೆಯವರು ಬೇಡವೆನ್ನಲಿಲ್ಲ, ಕೋವಿಗೆ ಸಿಕ್ಕಿಸುವ ತೋಕ್ ಪೂ ಎಂಬ ಹೂವನ್ನು ಅದಕ್ಕೂ ಒಂದು ಸಿಕ್ಕಿಸಿದರು. ಪೂಜೆ ಮುಗಿಯಿತು, ಊಟವೂ ಆಯಿತು, ಊರವರು ಕೋವಿ ಎತ್ತಿಕೊಂಡು ಮರದ ಮೇಲಿನ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆದರು.

"ಸರ್, ನಿಮ್ಮದೂ ಒಂದು ಆಗಲಿ" ಅಂದರು ಯಜಮಾನರು.

ಸಾಹೇಬರು ಲ್ಯಾಪ್‌ಟಾಪ್ ತೆರೆದರು. ಬಹುಕಾಲ ಬಳಸಿಲ್ಲವೆಂದು ಕೋಡ್ ನೋಡುವ ಅನುಮತಿಯನ್ನೇ ಸಿಸ್ಟಮ್ ಕಿತ್ತುಕೊಂಡಿತ್ತು. ಮತ್ತೆ ಕೊಡಿಸಿ ಎಂದು ಅಲ್ಲೇ ಅರ್ಜಿ ಹಾಕಿದರು. ಅದೀಗ ತಂಡದ ಮ್ಯಾನೇಜರ ಒಪ್ಪಿಗೆಗೆ ಕಾಯುತ್ತಿದೆ, ಅಂದರೆ ಅವರದೇ ಇನ್‌ಬಾಕ್ಸಿನಲ್ಲಿದೆ. ಇನ್ನೂ ತೆರೆದು ನೋಡಿಲ್ಲವಂತೆ.